ಉಮಾಶ್ರೀ: ನಗಿಸಿದ ಕಾಲ ದೊಡ್ಡದಾ, ಅಳಿಸಿದ ಕಾಲವಾ?

ಬಾಲ್ಕನಿ ಟಿಕೆಟ್
'ಗುಲಾಬಿ ಟಾಕೀಸ್' ಮತ್ತೆ ನೋಡಿದೆ. ಒಂದು ಮಾತು ಹೇಳಿಯೇಬಿಡುತ್ತೇನೆ, ಕೋಪ ಬಂದರೂ ಪರವಾಗಿಲ್ಲ. ಉಮಾಶ್ರೀ ಅವರ ಇಷ್ಟು ವರ್ಷದ ನಟನೆಯಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಪಾತ್ರ. ರಂಗದ ಮೇಲೆ 'ಒಡಲಾಳ'ದ ಸಾಕವ್ವ, ತೆರೆಯ ಮೇಲೆ ಗುಲಾಬಿ. ಮಿಕ್ಕಿದ್ದೆಲ್ಲ ಎನ್.ಎಸ್. ರಾವ್ ಜೊತೆ ಡಬಲ್ ಮೀನಿಂಗ್ ಕಾಮಿಡಿ ಮಾಡುವುದರಲ್ಲೇ ಕಳೆದುಹೋಯಿತು. 1984ರಲ್ಲಿ ಕಾಶಿನಾಥ್ ಅವರ 'ಅನುಭವ' ಬಂತು, ಮುದ್ರೆ ಬಿತ್ತು. ಆ ಮುದ್ರೆ ಅಳಿಸೋಕೆ 2008ರಲ್ಲಿ ಗಿರೀಶ್ ಕಾಸರವಳ್ಳಿ ಬರಬೇಕಾಯಿತು. ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬಂದ ಮೇಲೆ ತಾನೇ ನಾವೆಲ್ಲ 'ಅಬ್ಬಾ, ಎಂಥ ಕಲಾವಿದೆ' ಅಂದಿದ್ದು? ಒಪ್ಪದವರು ಕಾರಣ ಕೊಟ್ಟು ಮಾತಾಡಿ.

ಗಾಂಧಿನಗರ ಗಿರಾಕಿ
"ಲೆಕ್ಕಕ್ಕೆ ಬರುವುದು ಎರಡೇ" ಅಂತೆ. ಯಾರ ಲೆಕ್ಕ ಸ್ವಾಮಿ ಅದು? 'ಪುಟ್ನಂಜ' ಬಂದಿದ್ದು 1995ರಲ್ಲಿ. ರವಿಚಂದ್ರನ್‌ಗೆ ಅಜ್ಜಿ ಪುಟ್ಟಮಲ್ಲಿ. ರವಿಚಂದ್ರನ್ ಹುಟ್ಟಿದ್ದು 1961, ಉಮಾಶ್ರೀ ಹುಟ್ಟಿದ್ದು 1957. ತನಗಿಂತ ನಾಲ್ಕೇ ವರ್ಷ ಚಿಕ್ಕವನಿಗೆ ಅಜ್ಜಿಯಾಗಿ, ಇಡೀ ಥಿಯೇಟರ್ ನಂಬುವ ಹಾಗೆ ಮಾಡಿದರು. ಬೆನ್ನು ಬಾಗಿಸಿದ್ದು, ಬಾಯಿ ವಾರೆ ಮಾಡಿದ್ದು, ಬೈಗುಳ ಹೇಳುವ ದಾಟಿ, ಎಲ್ಲಾ ಅವರದ್ದೇ. ಜನ ಶಿಳ್ಳೆ ಹೊಡೆದದ್ದು ಹೀರೊಗೆ ಎಷ್ಟೋ, ಅಜ್ಜಿಗೂ ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಅದು ಇಲ್ವಲ್ಲ, ಯಾಕೆ?

ಬಾಲ್ಕನಿ ಟಿಕೆಟ್
ಪುಟ್ಟಮಲ್ಲಿ ಕಾಮಿಡಿ ಪಾತ್ರ ಅಲ್ಲ. ಅದು ಕ್ಯಾರೆಕ್ಟರ್ ರೋಲ್. ನೀವು ನನ್ನ ವಾದಕ್ಕೇ ಬಲ ಕೊಡ್ತಾ ಇದ್ದೀರಿ.

ಗಾಂಧಿನಗರ ಗಿರಾಕಿ
ಆಹಾ! ಚೆನ್ನಾಗಿದ್ದರೆ ಅದು ಕಾಮಿಡಿ ಅಲ್ಲ, ಚೆನ್ನಾಗಿಲ್ಲದಿದ್ದರೆ ಕಾಮಿಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಂಥ ವಾದದಲ್ಲಿ ಸೋಲೋದು ಹೇಗೆ ಅಂತ ನನಗೂ ಸ್ವಲ್ಪ ಹೇಳಿಕೊಡಿ.

ತಿಪಟೂರು ತೆಂಗು
ಉಮಾಶ್ರೀ ನಮ್ಮ ನೊಣವಿನಕೆರೆಯವರು, ಅದನ್ನು ಮೊದಲು ಹೇಳಿಬಿಡುತ್ತೇನೆ. ಈಗ "ಡಬಲ್ ಮೀನಿಂಗ್" ಅನ್ನೋ ಮಾತಿಗೆ ಬರೋಣ. ಆ ಡೈಲಾಗ್ ಬರೆದವರು ಯಾರು? ಗಂಡಸರು. ಡೈರೆಕ್ಟ್ ಮಾಡಿದವರು ಯಾರು? ಗಂಡಸರು. ದುಡ್ಡು ಎಣಿಸಿಕೊಂಡವರು, ಮುಂದಿನ ಬೆಂಚಲ್ಲಿ ಕೂತು ಕೇಕೆ ಹಾಕಿದವರು, ಎಲ್ಲಾ ಗಂಡಸರೇ. ಕೆಟ್ಟ ಹೆಸರು ಮಾತ್ರ ಆ ಸಾಲು ಹೇಳಿದ ಹೆಣ್ಣುಮಗಳಿಗೆ. ಎನ್.ಎಸ್. ರಾವ್ ಅವರನ್ನು ಇವತ್ತಿಗೂ 'ಹಾಸ್ಯ ನಟ' ಅಂತ ಪ್ರೀತಿಯಿಂದ ನೆನೆಯುತ್ತೀರಿ. ಅದೇ ಸೀನ್, ಅದೇ ಮಾತು, ಇವರಿಗೆ ಮಾತ್ರ 'ಮುದ್ರೆ'. ಇದ್ಯಾವ ನ್ಯಾಯ?

ಬಾಲ್ಕನಿ ಟಿಕೆಟ್
"ಎಲ್ಲಾ ಗಂಡಸರೇ" ಅಂದುಬಿಟ್ಟರೆ ಆಯ್ತಾ? ನಮ್ಮ ಮನೆಯಲ್ಲಿ ಆ ಸೀನ್ ಬಂದರೆ ಚಾನೆಲ್ ಬದಲಾಯಿಸ್ತಾ ಇದ್ದದ್ದು ನಮ್ಮಮ್ಮ.

ತಿಪಟೂರು ತೆಂಗು
ಬದಲಾಯಿಸೋಕೆ ಮುಂಚೆ ನಗ್ತಾ ಇದ್ದರೋ ಇಲ್ವೋ, ಅದನ್ನು ಹೇಳಿ.

ಸೈಡ್ ವಿಂಗ್
ಇಲ್ಲಿ ಎಲ್ಲರೂ ಸಿನಿಮಾ ಹಿಡಿದುಕೊಂಡು ಜಗಳ ಆಡ್ತಾ ಇದ್ದೀರಿ. ಸಾಕವ್ವನ ಬಗ್ಗೆ ಯಾರೂ ಮಾತಾಡಲಿಲ್ಲ. ದೇವನೂರ ಮಹಾದೇವ ಅವರ ಕಥೆಯಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾ ಓಡಾಡುತ್ತಾಳೆ. ಓದಿದರೆ ಅದು ಹಸಿವಿನ ಕಥೆ. ಉಮಾಶ್ರೀ ಹುಂಜಕ್ಕಾಗಿ ಊರಿಗೆಲ್ಲಾ ಶಾಪ ಹಾಕ್ತಾ ಬಂದರೆ ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಆಮೇಲೆ ಮನೆಮಂದಿಯೆಲ್ಲಾ ಬೆಂಕಿ ಸುತ್ತ ಕೂತು ಕದ್ದು ತಂದ ಕಡ್ಲೇಕಾಯಿ ತಿನ್ನುತ್ತಾರೆ, ಬೆಳಗಾದರೆ ಪೋಲೀಸರು ಬರುತ್ತಾರೆ. ಆಗ, ಸ್ವಲ್ಪ ಹೊತ್ತಿನ ಮುಂಚೆ ನಕ್ಕವರಿಗೆ ತಮ್ಮ ನಗುವಿನ ಬಗ್ಗೆಯೇ ನಾಚಿಕೆ ಆಗುತ್ತಿತ್ತು. ಆ ಕೆಲಸ ರಂಗಭೂಮಿಯಲ್ಲಿ ಮಾತ್ರ ಸಾಧ್ಯ. ಅಂಥ ಕಲಾವಿದೆ ಈಗ ಪ್ರಾಂಪ್ಟಿಂಗ್ ಮೇಲೆ ನಡೆಯುವ ಸೀರಿಯಲ್ ಲೋಕಕ್ಕೆ ಬಂದು ಮೆಸ್ ನಡೆಸುವ ಪಾತ್ರ ಮಾಡಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೀರಿಯಲ್ ಸೊಸೆ
"ಪ್ರಾಂಪ್ಟಿಂಗ್ ಮೇಲೆ ನಡೆಯುವ ಸೀರಿಯಲ್ ಲೋಕ" ಅಂದಿರಲ್ಲ ಸಾರ್, ನೀವು ಸೆಟ್‌ಗೆ ಹೋಗಿ ನೋಡಿದ್ದೀರಾ? 'ಪುಟ್ಟಕ್ಕನ ಮಕ್ಕಳು' 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ನಮ್ಮ ಬೀದಿಯಲ್ಲಿ ಸೀರಿಯಲ್ ನೋಡದ ಗಂಡಸರೂ ಟಿವಿ ಮುಂದೆ ಕೂತರು. ಗಂಡು ಮಗು ಆಗಲಿಲ್ಲ ಅಂತ ಗಂಡ ಬಿಟ್ಟುಹೋದ ಹೆಂಗಸು, ಮೂರು ಹೆಣ್ಣುಮಕ್ಕಳು, ಒಂದು ಮೆಸ್. ಪುಟ್ಟಕ್ಕ ಒಲೆ ಮುಂದೆ ನಿಂತು ಮಕ್ಕಳಿಗೆ ಬೈಯೋದರಲ್ಲಿ ಎಷ್ಟು ತಮಾಷೆ ಇದೆ, ಎಷ್ಟು ಸಂಕಟ ಇದೆ, ನೋಡಿದವರಿಗೆ ಗೊತ್ತು. ನಿಮ್ಮ ಸಭಾಂಗಣದಲ್ಲಿ ಎಷ್ಟು ಜನ ಕೂರಬಹುದು?

ಸೈಡ್ ವಿಂಗ್
ತಲೆ ಎಣಿಸಿ ಕಲೆ ಅಳೆಯೋದಾದರೆ ಸಂತೆಯೇ ದೊಡ್ಡ ನಾಟಕ. ಉಮಾಶ್ರೀ ಪ್ರಾಂಪ್ಟಿಂಗ್ ತಗೊಂಡರು ಅಂತ ನಾನು ಎಲ್ಲಿ ಹೇಳಿದೆ? ಸೀರಿಯಲ್ ಪದ್ಧತಿ ಹೇಳಿದೆ. ಕ್ಯಾಮೆರಾ ಹಿಂದೆ ಒಬ್ಬ ಅಸಿಸ್ಟೆಂಟ್ ನಿಂತು ಸಾಲು ಸಾಲಾಗಿ ಡೈಲಾಗ್ ಕೂಗುತ್ತಾನೆ, ಇವರು ಹೇಳುತ್ತಾರೆ. ಅದು ನಟನೆ ಅಲ್ಲ, ಬರೀ ಉಕ್ತಲೇಖನ. ಇನ್ನು ಕಥೆ? ಅದೂ ತೆಲುಗಿನ 'ರಾಧಮ್ಮ ಕೂತುರು' ಸೀರಿಯಲ್‌ನಿಂದ ಬಂದಿದ್ದು.

ಸೀರಿಯಲ್ ಸೊಸೆ
"ಉಕ್ತಲೇಖನ"!! ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ವಾರಕ್ಕೆ ಐದಾರು ಎಪಿಸೋಡ್ ಹೋಗಬೇಕು. ಸೀನ್ ಪೇಪರ್ ಬರೋದು ಎಷ್ಟೋ ಸಲ ಶೂಟಿಂಗ್ ಜಾಗಕ್ಕೇ. ತಿಂಗಳುಗಟ್ಟಲೆ ರಿಹರ್ಸಲ್ ಮಾಡಿ, ಮಧ್ಯೆ ಮಧ್ಯೆ ಟೀ ಕುಡಿದು, ಆಮೇಲೆ ಮೂರು ಶೋ ಮಾಡಿ ಮುಗಿಸೋ ಹಾಗಲ್ಲ ಇದು. ಕಿವಿಯಲ್ಲಿ ಒಂದು ಸಾಲು ಬೀಳ್ತಾ ಇರುತ್ತೆ, ಬಾಯಲ್ಲಿ ಅದಕ್ಕೆ ಹಿಂದಿನ ಸಾಲು ಇರುತ್ತೆ, ಕಣ್ಣಲ್ಲಿ ನೀರು ಇರಬೇಕು. ಮಾಡಿ ತೋರಿಸಿ ನೋಡೋಣ.

ಸೈಡ್ ವಿಂಗ್
"ಮೂರು ಶೋ ಮಾಡಿ ಮುಗಿಸೋದು" ಅಂತ ಹವ್ಯಾಸಿ ರಂಗಭೂಮಿಗೆ ಅಂದಿರಾ? ಹಗಲು ಆಫೀಸು, ಸಂಜೆ ರಿಹರ್ಸಲ್, ಕೈಯಿಂದ ಖರ್ಚು. ಆ ಮೂರು ಶೋಗಳ ಹಿಂದೆ ಎಷ್ಟು ಜನರ ಸಂಸಾರ ನಿಂತಿರುತ್ತೆ ಗೊತ್ತಾ ಮೇಡಂ?

ಹುಬ್ಬಳ್ಳಿ ಹೊನ್ನಪ್ಪ
ಪ್ರಾಂಪ್ಟರ್ ಅಂದ್ರ ಏನೋ ಸೀರಿಯಲ್‌ನವರು ಹುಟ್ಟಿಸಿದ ರೋಗ ಅನ್ನೋ ಹಂಗ ಮಾತಾಡ್ತೀರಲ್ರೀ. ನಮ್ಮ ಕಡೆ ಕಂಪನಿ ನಾಟಕದಲ್ಲಿ ಪರದೆ ಪಕ್ಕ ಪುಸ್ತಕ ಹಿಡಿದು ಒಬ್ಬ ನಿಂತಿರುತ್ತಿದ್ದ. ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ನಾಟಕ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ಜನ ಬರೋದಿಲ್ಲ. ಅಷ್ಟೂ ನಾಟಕದ ಮಾತು ತಲೆಯಲ್ಲಿ ಇಟ್ಟುಕೊಂಡವರೂ ಮರೆಯುತ್ತಿದ್ದರು. ಆಗ ಆ ಪುಸ್ತಕದವನೇ ದೇವರು. ಪ್ರಾಂಪ್ಟಿಂಗ್ ಇದ್ದರೆ ಕಲಾವಿದರೇ ಅಲ್ಲ ಅನ್ನೋದಾದರೆ ಇಡೀ ವೃತ್ತಿ ರಂಗಭೂಮಿಯನ್ನು ಅಳಿಸಿಹಾಕಿರಿ. ಸೈಡ್ ವಿಂಗ್ ಅಂತ ಹೆಸರು ಇಟ್ಟುಕೊಂಡವರಿಗೆ ಸೈಡ್ ವಿಂಗ್‌ನಲ್ಲಿ ಯಾರು ನಿಲ್ಲುತ್ತಿದ್ದರು ಅನ್ನೋದೇ ಗೊತ್ತಿಲ್ಲವಲ್ರೀ.

ಗಾಂಧಿನಗರ ಗಿರಾಕಿ
ಹೊನ್ನಪ್ಪಣ್ಣಾ, ಕೊನೆ ಸಾಲಿಗೆ ಒಂದು ಶಿಳ್ಳೆ.

ಸೈಡ್ ವಿಂಗ್
ಹೆಸರಿನ ಮೇಲೆ ಹೋಗೋದು ಬೇಡ. ಮರೆತಾಗ ಒಂದು ಪದ ಎತ್ತಿಕೊಡೋದು ಬೇರೆ, ಪ್ರತಿ ಸಾಲನ್ನೂ ಬಾಯಿಗೆ ತುಂಬೋದು ಬೇರೆ. ಹೊನ್ನಪ್ಪನವರು ಹೇಳಿದ್ದೂ ಅದೇ, "ಮರೆಯುತ್ತಿದ್ದರು" ಅಂತ. ಮರೆಯಬೇಕಾದರೆ ಮೊದಲು ಕಲಿತಿರಬೇಕು. ಸೀರಿಯಲ್‌ನಲ್ಲಿ ಕಲಿಯೋದೇ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೆನಪಿಸಿಕೊಳ್ಳಿ. ಅವತ್ತಿನ ಪೇಪರ್ ಸುದ್ದಿ ಅವತ್ತೇ ರಾತ್ರಿ ನಾಟಕದೊಳಗೆ ಬರುತ್ತಿತ್ತು. ಅದಕ್ಕೆ ಯಾವ ಪ್ರಾಂಪ್ಟರ್ ಪುಸ್ತಕ ಇತ್ತು?

ಹುಬ್ಬಳ್ಳಿ ಹೊನ್ನಪ್ಪ
ಹಿರಣ್ಣಯ್ಯನವರು ಕಂಪನಿ ನಾಟಕದವರು ರೀ! ನಿಮ್ಮ ಹವ್ಯಾಸಿಗಳ ಪೈಕಿ ಅಲ್ಲ. ನಮ್ಮವರನ್ನು ಕರಕೊಂಡು ಬಂದು ನಮಗೇ ಹೊಡೀತೀರಲ್ಲ.

ಇನ್ನೊಂದು ಮಾತು. ಕಂಪನಿಯಲ್ಲಿ ಕಾಮಿಡಿ ಪಾರ್ಟ್ ಮಾಡೋ ಹೆಣ್ಣುಮಕ್ಕಳು ಯಾವಾಗಲೂ ಇದ್ದರು. ಹೀರೋಯಿನ್ ಬಂದರೆ ಚಪ್ಪಾಳೆ, ಕಾಮಿಡಿ ಜೋಡಿ ಬಂದರೆ ಒನ್ಸ್ ಮೋರ್. ಹೀರೋಯಿನ್‌ಗೆ ಸಿಗೋ ಮರ್ಯಾದೆ ಮಾತ್ರ ಅವರಿಗೆ ಸಿಗಲಿಲ್ಲ. ಬೋರ್ಡ್ ಮೇಲೆ ಹೆಸರು ಸಣ್ಣ ಅಕ್ಷರದಲ್ಲಿ. ಬಾಲ್ಕನಿಯವರು ಮೊದಲು ಬರೆದದ್ದು ಅದೇ ಬೋರ್ಡ್.

ಸೀರಿಯಲ್ ಸೊಸೆ
"ಸೀರಿಯಲ್‌ನಲ್ಲಿ ಕಲಿಯೋದೇ ಇಲ್ಲ" ಅಂದವರು ಎಲ್ಲಿ? ಹೊನ್ನಪ್ಪನವರ ಏಟಿಗೆ ಇನ್ನೂ ಉತ್ತರ ಬರಲಿಲ್ಲ.

ಕುಂದಾಪ್ರದ ಮಾಣಿ
ಪ್ರಾಂಪ್ಟಿಂಗ್ ಪ್ರಾಂಪ್ಟಿಂಗ್ ಅಂತ ಕೂಗಿ ಕೂಗಿ ಸಾಯ್ತೀರಿ ಮಾರಾಯ್ರೆ. ಯಕ್ಷಗಾನಕ್ಕೆ ಬನ್ನಿ. ಅಲ್ಲಿ ಭಾಗವತರು ಪದ್ಯ ಹೇಳ್ತಾರೆ. ಅರ್ಥ ಹೇಳೋದು ವೇಷಧಾರಿಯೇ, ನಿಂತಲ್ಲಿ, ಸ್ವಂತ ಬುದ್ಧಿಯಿಂದ. ಎದುರಿನವ ಒಂದು ಅಡ್ಡಪ್ರಶ್ನೆ ಹಾಕಿದರೆ ಯಾವ ಪುಸ್ತಕವೂ ಕಾಪಾಡೋದಿಲ್ಲ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಉಮಾಶ್ರೀ ಮಂಥರೆ ವೇಷ ಹಾಕಿದ್ದರು. ನಮ್ಮ ವೃತ್ತಿ ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡೋದು ರೂಢಿ. ಅಂಥ ಕಡೆ ಹೆಂಗಸೊಬ್ಬರು, ಅದೂ ಅರವತ್ತು ದಾಟಿದವರು, ಬಡಗುತಿಟ್ಟಿನ ರಂಗಕ್ಕೆ ಬಂದು ಕೈಕೇಯಿಯ ಕಿವಿ ಊದುವ ಗೂನಿಯಾಗಿ ಜನರನ್ನು ನಗಿಸೋದು ಹುಡುಗಾಟ ಅಲ್ಲ. ಯಾವ ಸೈಡ್ ವಿಂಗ್‌ನಲ್ಲಿ ಯಾರು ನಿಂತಿದ್ದರು ಹೇಳಿ ನೋಡುವ.

ಸೈಡ್ ವಿಂಗ್
ಒಂದು ರಾತ್ರಿ ಅತಿಥಿಯಾಗಿ ಬಂದದ್ದನ್ನು ಇಡೀ ವೃತ್ತಿಗೆ ಪುರಾವೆ ಮಾಡಬೇಡಿ. ಅಲ್ಲದೆ ಅದು ರಂಗವೇ ತಾನೇ? ನಾನು ಹೇಳಿದ್ದೂ ರಂಗವೇ ಅವರ ಜಾಗ ಅಂತ.

ಕುಂದಾಪ್ರದ ಮಾಣಿ
"ಒಂದು ರಾತ್ರಿ ಅತಿಥಿ"! ಕಾಲಿಗೆ ಗೆಜ್ಜೆ ಕಟ್ಟಿ ಚೆಂಡೆ ಪೆಟ್ಟಿಗೆ ಸರಿಯಾಗಿ ಒಂದು ಹೆಜ್ಜೆ ಹಾಕಿ, ಆಮೇಲೆ ಅತಿಥಿ ಅನ್ನಿ. ನಮ್ಮ ಆಟ ಅಂದರೆ ಬೆಂಗಳೂರಿನವರಿಗೆ ಯಾವಾಗಲೂ ಸಸಾರ. ಪ್ರವಾಸಕ್ಕೆ ಬಂದಾಗ ಮಾತ್ರ ಫೋಟೋ ಬೇಕು.

ಸೈಡ್ ವಿಂಗ್
ಬೆಂಗಳೂರಿನವ ಅಂತ ಯಾರು ಹೇಳಿದರು? ನಾನು ಶಿವಮೊಗ್ಗದವನು.

ಕುಂದಾಪ್ರದ ಮಾಣಿ
ಘಟ್ಟದ ಮೇಲಿನವರು ಅಂದರೆ ಆಯ್ತಲ್ಲ.

ಹುಬ್ಬಳ್ಳಿ ಹೊನ್ನಪ್ಪ
ನಾವೂ ಘಟ್ಟದ ಮೇಲಿನವರೇ ರೀ. ಹುಷಾರು.

ಬಾಲ್ಕನಿ ಟಿಕೆಟ್
ಅಣ್ಣಂದಿರಾ, ಅಕ್ಕಂದಿರಾ, ನಾನು ಕೇಳಿದ್ದು ಬೇರೆ. ಕಾಮಿಡಿ ಕಾಲ ವ್ಯರ್ಥವಾ ಅಲ್ವಾ? ಪ್ರಾಂಪ್ಟಿಂಗ್ ಬಗ್ಗೆ ಕೇಳಲೇ ಇಲ್ಲ.

ಮೂಲೆಮನೆ
ಕಲೆ ಕಲೆ ಅಂತೀರಿ, ರಾಜಕೀಯಕ್ಕೆ ಹೋಗಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು. ಆಗ ಪಾತ್ರಗಳು ಎಲ್ಲಿ ಹೋದವು? ಆ ಸರ್ಕಾರ ಮಾಡಿದ್ದಾದರೂ

ಮೇಲ್ವಿಚಾರಕ
ಮೇಲಿನ ಪ್ರತಿಕ್ರಿಯೆಯ ಕೊನೆಯ ಭಾಗ ತೆಗೆದಿದೆ. ಪಕ್ಷ, ಸರ್ಕಾರ, ಚುನಾವಣೆ ಇಲ್ಲಿ ಬೇಡ. ಕನ್ನಡ ಮತ್ತು ಸಂಸ್ಕೃತಿ ಖಾತೆ ಅವರ ಬಳಿ ಇತ್ತು ಅನ್ನುವಷ್ಟು ಸಾಕು. ನಟನೆ ಬಗ್ಗೆ ಮಾತಾಡಿ.

ತಿಪಟೂರು ತೆಂಗು
ನಟನೆ ಬಗ್ಗೆಯೇ ಮಾತಾಡೋಣ. ಸೈಡ್ ವಿಂಗ್ ಸಾರ್ ಸೀರಿಯಲ್ ಸೀರಿಯಲ್ ಅಂತ ಮರುಗುತ್ತಾ ಇದ್ದರಲ್ಲ, 'ಶರ್ಮಿಷ್ಠೆ' ನೋಡಿದ್ದೀರಾ? ಬೇಲೂರು ರಘುನಂದನ್ ಬರೆದದ್ದು, ಚಿದಂಬರರಾವ್ ಜಂಬೆ ನಿರ್ದೇಶನ. ರಂಗದ ಮೇಲೆ ಉಮಾಶ್ರೀ ಒಬ್ಬರೇ. ಶರ್ಮಿಷ್ಠೆಯೂ ಅವರೇ, ಕಥೆಯಲ್ಲಿ ಬರುವ ಮಿಕ್ಕವರೂ ಅವರೇ. ಸೀರಿಯಲ್‌ಗೆ ಹೋಗಿ ಕೆಟ್ಟುಹೋದವರು ಮಾಡೋ ಕೆಲಸವಾ ಅದು?

ಸೈಡ್ ವಿಂಗ್
ನೋಡಿದ್ದೇನೆ. ಅದಕ್ಕೇ ಹೇಳಿದ್ದು ಹೊಟ್ಟೆ ಉರಿಯುತ್ತದೆ ಅಂತ. ಅಷ್ಟು ಹೊತ್ತು ಒಬ್ಬರೇ ಹಿಡಿದು ನಿಲ್ಲಿಸಬಲ್ಲವರು ದಿನಾ ಸಂಜೆ ಜಾಹೀರಾತಿನ ನಡುವೆ ತುಂಡು ತುಂಡಾಗಿ ಬರೋದು.

ಸೀರಿಯಲ್ ಸೊಸೆ
"ಜಾಹೀರಾತಿನ ನಡುವೆ ತುಂಡು ತುಂಡಾಗಿ". ಅಬ್ಬಾ, ಎಷ್ಟು ಮೇಲೆ ಕೂತಿದ್ದೀರಿ ಸಾರ್! ನಮ್ಮಮ್ಮ ಮೊಣಕಾಲು ನೋವಿನವರು. ಅವರು ನಿಮ್ಮ ಕಲಾಕ್ಷೇತ್ರದ ಮೆಟ್ಟಿಲು ಹತ್ತೋಕೆ ಆಗಲ್ಲ. ಸಾಕವ್ವ ಅವರ ಹತ್ತಿರ ಬರಲೇ ಇಲ್ಲ. ಪುಟ್ಟಕ್ಕ ದಿನಾ ಮನೆಗೆ ಬಂದಳು. ನಾಟಕ ನೋಡಿ ಬಂದವರು ಊರೆಲ್ಲಾ ಹೇಳಿಕೊಂಡು ತಿರುಗುತ್ತಾರೆ. ಸೀರಿಯಲ್ ನೋಡುವವರು ಕದ್ದು ನೋಡಬೇಕಾ?

ಸೈಡ್ ವಿಂಗ್
ಅಮ್ಮನವರ ಮೊಣಕಾಲನ್ನು ವಾದಕ್ಕೆ ತರಬೇಡಿ. ಪ್ರಾಂಪ್ಟಿಂಗ್ ವಿಷಯಕ್ಕೆ ಉತ್ತರ ಕೊಡಿ.

ಸೀರಿಯಲ್ ಸೊಸೆ
ಕೊಟ್ಟಾಯ್ತು. ನಿಮಗೆ ಬೇಕಾದ ಉತ್ತರ ಅದಲ್ಲ, ಅಷ್ಟೇ.

ಗಾಂಧಿನಗರ ಗಿರಾಕಿ
ಬಾಲ್ಕನಿಯವರು ಪಾಪ ಕಾಯ್ತಾ ಇದ್ದಾರೆ, ಅವರಿಗೆ ಉತ್ತರ ಕೊಡೋಣ. 'ಗುಲಾಬಿ ಟಾಕೀಸ್' ಮತ್ತೆ ನೋಡಿದೆ ಅಂದಿರಿ. ನಿಜವಾಗಿ ನೋಡಿದಿರಾ? ಗುಲಾಬಿ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಹೆರಿಗೆಗೆ ಕರೆಯೋಕೆ ಬಂದವರಿಗೆ ಅವಳು ಸಿಗೋದು ಥಿಯೇಟರ್‌ನಲ್ಲಿ. ಹೆರಿಗೆ ಮಾಡಿಸಿದ್ದಕ್ಕೆ ಕಲರ್ ಟಿವಿ, ಡಿಶ್ ಬರುತ್ತದೆ. ಊರ ಹೆಂಗಸರೆಲ್ಲ ಅವಳ ಮನೆಯಲ್ಲಿ ಕೂರುತ್ತಾರೆ. ಆ ಮೊದಲ ಭಾಗದಲ್ಲಿ ಉಮಾಶ್ರೀ ಮಾಡಿದ್ದು ಏನು? ಕಣ್ಣರಳಿಸೋದು, ಸೆರಗು ಸರಿ ಮಾಡಿಕೊಳ್ಳೋದು, ಸಿನಿಮಾ ಅಂದ ಕೂಡಲೇ ಮಗುವಿನ ಹಾಗೆ ಆಗಿಬಿಡೋದು. ಇದೆಲ್ಲಾ ಕಾಮಿಡಿ ಟೈಮಿಂಗ್. ಜಾಸ್ತಿ ಮಾಡಿದರೆ ಕೆಟ್ಟುಹೋಗುತ್ತಿತ್ತು. ಎಷ್ಟು ಮಾಡಬೇಕು ಅಂತ ಕಲಿತದ್ದು ನೀವು ವ್ಯರ್ಥ ಅಂದ ಆ ಸಿನಿಮಾಗಳಲ್ಲೇ. ಮೊದಲು ಅವಳ ಜೊತೆ ನಗದೇ ಇದ್ದರೆ, ಊರು ಹಿಂದೂ ಮುಸ್ಲಿಂ ಅಂತ ಒಡೆದು ಅವಳನ್ನು ಹೊರಗೆ ಹಾಕಿದಾಗ ನಮಗೆ ಯಾಕೆ ಎದೆ ಹಿಂಡಬೇಕು?

ಬಾಲ್ಕನಿ ಟಿಕೆಟ್
"ಜಾಸ್ತಿ ಮಾಡಿದರೆ ಕೆಟ್ಟುಹೋಗುತ್ತಿತ್ತು". ಒಪ್ಪಿದಿರಲ್ಲ! ಜಾಸ್ತಿ ಮಾಡದ ಹಾಗೆ ತಡೆದದ್ದು ಕಾಸರವಳ್ಳಿ. ಆ ಹಳೆ ಸಿನಿಮಾಗಳಲ್ಲಿ ಜಾಸ್ತಿಯೇ ಮಾಡುತ್ತಿದ್ದರು.

ಗಾಂಧಿನಗರ ಗಿರಾಕಿ
ಇಷ್ಟುದ್ದ ಬರೆದದ್ದರಲ್ಲಿ ನಿಮಗೆ ಸಿಕ್ಕಿದ್ದು ಅದೊಂದೇ ಸಾಲು.

ಕುಂದಾಪ್ರದ ಮಾಣಿ
ಅದು ವೈದೇಹಿಯವರ ಕಥೆ, ನಮ್ಮೂರ ಹವೆ. ಸಿನಿಮಾದಲ್ಲಿ ಮಾತು ಸ್ವಲ್ಪ ಘಟ್ಟದ ಮೇಲಿನದ್ದೇ ಆಯ್ತು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸ್ತದೆ. ಆದರೆ ಮೀನುಗಾರರ ಕೇರಿಯ ನಡಿಗೆಯನ್ನು ಅವರು ಸರಿಯಾಗಿ ಹಿಡಿದಿದ್ದರು.

ತಿಪಟೂರು ತೆಂಗು
"ಘಟ್ಟದ ಮೇಲಿನ ಮಾತು" ಅನ್ನೋದು ಬೈಗುಳ ಯಾವಾಗ ಆಯ್ತು?

ಕುಂದಾಪ್ರದ ಮಾಣಿ
ಬೈಗುಳ ಅಂತ ನಾನು ಹೇಳಿಲ್ಲ. ನಿಮಗೆ ಹಾಗೆ ಕೇಳಿಸಿದರೆ ನಾನೆಂತ ಮಾಡುವುದು?

ಸೀರಿಯಲ್ ಸೊಸೆ
'ರತ್ನನ್ ಪ್ರಪಂಚ'ದ ಸರೋಜಾ ಬಗ್ಗೆ ಯಾರೂ ಮಾತಾಡಲಿಲ್ಲ. ಅದೂ 2021ರಲ್ಲೇ ಬಂದಿದ್ದು. ಮಗನ ತಲೆ ತಿನ್ನುವ ಅಮ್ಮ. ಮೊದಲರ್ಧ ಅವಳ ಕಾಟ ನೋಡಿ ನಗ್ತೀವಿ. ತಾನು ಸಾಕುಮಗ ಅಂತ ಗೊತ್ತಾಗಿ ಮಗ ಹೆತ್ತಮ್ಮನನ್ನು ಹುಡುಕಿಕೊಂಡು ಹೊರಟ ಮೇಲೆ, ಅದೇ ಕಾಟ ನೆನೆಸಿಕೊಂಡು ಗಂಟಲು ಕಟ್ಟುತ್ತೆ. ಕಾಮಿಡಿನಾ, ಸೀರಿಯಸ್ಸಾ, ಯಾವ ಖಾನೆಗೆ ಹಾಕ್ತೀರಿ ಇದನ್ನ?

ಬಾಲ್ಕನಿ ಟಿಕೆಟ್
ಕ್ಯಾರೆಕ್ಟರ್ ರೋಲ್.

ಗಾಂಧಿನಗರ ಗಿರಾಕಿ
ಗೊತ್ತಿತ್ತು!

ಹುಬ್ಬಳ್ಳಿ ಹೊನ್ನಪ್ಪ
ಈ ರಾಷ್ಟ್ರ ಪ್ರಶಸ್ತಿ ವಿಷಯಕ್ಕೆ ಬರ್ತೀನಿ. ಕನ್ನಡ ಸಿನಿಮಾದಿಂದ ಶ್ರೇಷ್ಠ ನಟಿ ಆದವರಲ್ಲಿ 'ಕಾಡು' ಸಿನಿಮಾದ ನಂದಿನಿ ಭಕ್ತವತ್ಸಲ ಮೊದಲು, ಆಮೇಲೆ 'ಹಸೀನಾ'ದ ತಾರಾ, ಆಮೇಲೆ ಉಮಾಶ್ರೀ. ತಾರಾ, ಉಮಾಶ್ರೀ ಇಬ್ಬರೂ ಗಾಂಧಿನಗರದ ಮಸಾಲೆ ಸಿನಿಮಾದಲ್ಲಿ ನಗಿಸಿ ಬಂದವರೇ. ಪ್ರಶಸ್ತಿ ಸಿಕ್ಕಿದ್ದು ಇಬ್ಬರಿಗೂ ಬುರ್ಖಾದೊಳಗಿನ ದುಃಖದ ಪಾತ್ರಕ್ಕೆ. ನಗಿಸಿದ್ದಕ್ಕೆ ಶ್ರೇಷ್ಠ ನಟಿ ಅಂತ ಕೊಡ್ತಾರೇನ್ರೀ? ತಪ್ಪು ಕಲಾವಿದರದ್ದಲ್ಲ, ಮಾರ್ಕ್ಸ್ ಹಾಕುವವರದ್ದು.

ಸೈಡ್ ವಿಂಗ್
ಮಾರ್ಕ್ಸ್ ಹಾಕುವವರು ಹೇಗೂ ಇರಲಿ. ಹೊನ್ನಪ್ಪನವರೇ, ಪ್ರಾಂಪ್ಟರ್ ಮರೆತಾಗ ಮಾತ್ರ ಬೇಕಾಗುತ್ತಿತ್ತು ಅಂತ ನೀವೇ ಒಪ್ಪಿದ್ದೀರಿ. ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಳ್ಳುತ್ತೇನೆ.

ಹುಬ್ಬಳ್ಳಿ ಹೊನ್ನಪ್ಪ
ಎಲ್ಲಿ ಮುಗೀತು? ನಾನು ಊಟಕ್ಕೆ ಹೋಗಿದ್ದೆ. ಬಯಲಾಟ ಬಿಡ್ರಿ, ನಿಮ್ಮ ಹಳೆ ಮೈಸೂರು ಕಡೆಯ ಹಳ್ಳಿ ಪೌರಾಣಿಕ ನಾಟಕಕ್ಕೇ ಬನ್ನಿ. ಕುರುಕ್ಷೇತ್ರದ ದುರ್ಯೋಧನ ಹಗಲೆಲ್ಲಾ ಗದ್ದೆಯಲ್ಲಿ ಇರ್ತಾನ. ಹಾರ್ಮೋನಿಯಂ ಮೇಷ್ಟ್ರು ಪದ್ಯ ಎತ್ತಿಕೊಟ್ಟರೆ ಅವನು ಹಾಡ್ತಾನ, ಮಾತು ಹೇಳಿಕೊಟ್ಟರೆ ಗುಡುಗ್ತಾನ. ಊರೆಲ್ಲಾ ಬೆಳಗಿನ ಜಾವದ ತನಕ ಕೂತು ನೋಡ್ತದ. ಅದೂ ಉಕ್ತಲೇಖನ ಏನು?

ತಿಪಟೂರು ತೆಂಗು
ಇದು ಸರಿಯಾದ ಮಾತು. ನಮ್ಮೂರಲ್ಲಿ ಮೇಷ್ಟ್ರಿಲ್ಲದೆ ನಾಟಕ ಏಳೋದೇ ಇಲ್ಲ.

ಸೈಡ್ ವಿಂಗ್
ಊರ ಹಬ್ಬದ ನಾಟಕಕ್ಕೂ ವೃತ್ತಿಯಾಗಿ ದುಡ್ಡು ತಗೊಂಡು ಮಾಡುವ ಕೆಲಸಕ್ಕೂ ಒಂದೇ ಅಳತೆ ಇಡ್ತೀರಾ? ಅದೂ ಸಾಲದೆ "ಹಳೆ ಮೈಸೂರು" ಅಂತ ನನ್ನ ತಲೆಗೆ ಕಟ್ಟಿದಿರಿ. ಶಿವಮೊಗ್ಗದವನು ಅಂತ ಆಗಲೇ ಹೇಳಿದೆ. ಓದದೆ ಉತ್ತರ ಬರೆಯೋದು ಯಾಕೆ? ಇಲ್ಲಿ ರಂಗಭೂಮಿ ಗೊತ್ತಿರುವವರು ಎಷ್ಟು ಜನ ಅಂತ ನನಗೇ ಅನುಮಾನ ಬರ್ತಿದೆ.

ಹುಬ್ಬಳ್ಳಿ ಹೊನ್ನಪ್ಪ
ಆಯ್ತು ಬಿಡ್ರಿ, ಶಾಂತ ಆಗ್ರಿ. ಶಿವಮೊಗ್ಗ ಅಂತ ಬರೆದು ಗೋಡೆಗೆ ಅಂಟಿಸ್ತೀನಿ.

ಬೂಮ್ ಮೈಕ್
ಇಷ್ಟು ಹೊತ್ತು ಸುಮ್ನೆ ಓದುತ್ತಾ ಇದ್ದೆ. ನಾನು ಹಿಂದೆ ಒಂದು ಸೀರಿಯಲ್‌ನಲ್ಲಿ ಅಸಿಸ್ಟೆಂಟ್ ಆಗಿದ್ದವನು. ನೀವೆಲ್ಲಾ ಹೊಡೆದಾಡುತ್ತಾ ಇರೋ ಆ ಪ್ರಾಂಪ್ಟಿಂಗ್ ಕೆಲಸ ನನ್ನದೇ ಆಗಿತ್ತು. ಉಮಾಶ್ರೀ ಅವರ ಸೆಟ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. ನಾನು ಕಂಡದ್ದು ಇಷ್ಟು. ಹೊಸಬರಿಗೆ ಪ್ರತಿ ಸಾಲು ಬೇಕು. ಅವರು ನನ್ನ ದನಿಯ ಏರಿಳಿತವನ್ನೇ ವಾಪಸ್ ಹೇಳುತ್ತಾರೆ, ಹಾಗಾಗಿ ನಾನು ಕೆಟ್ಟದಾಗಿ ಓದಿದರೆ ಅವರೂ ಕೆಟ್ಟದಾಗಿ ಅಭಿನಯಿಸುತ್ತಾರೆ. ನಾಟಕದಿಂದ ಬಂದ ಹಿರಿಯರು ಬೇರೆ. ಸೀನ್ ಪೇಪರ್ ಒಂದು ಸಲ ಓದಿಸಿಕೊಂಡು ಪಕ್ಕಕ್ಕೆ ಇಡುತ್ತಾರೆ. 'ಮೊದಲ ಪದ ಕೊಡಪ್ಪಾ ಸಾಕು' ಅಂತಾರೆ. ಕೆಲವರು ಬರೆದದ್ದನ್ನು ಬಿಟ್ಟು ತಮ್ಮದೇ ಮಾತು ಸೇರಿಸಿಬಿಡುತ್ತಾರೆ. ಎದುರಿಗಿದ್ದ ಹೊಸಬರು ಗಾಬರಿ ಬಿದ್ದು ನನ್ನ ಮುಖ ನೋಡುತ್ತಾರೆ. ಆ ನೋಟ ಎಡಿಟಿಂಗ್‌ನಲ್ಲಿ ರಿಯಾಕ್ಷನ್ ಆಗಿ ಉಳಿದುಕೊಂಡಿದ್ದೂ ಉಂಟು. ಹಾಸ್ಯ ಪಾತ್ರಕ್ಕೆ ಪ್ರಾಂಪ್ಟಿಂಗ್ ಅತಿ ಕಷ್ಟ. ಅಳುವಿಗೆ ಅರ್ಧ ಸೆಕೆಂಡ್ ತಡವಾದರೂ ನಡೆಯುತ್ತದೆ. ನಗುವಿಗೆ ನಡೆಯೋದಿಲ್ಲ.

ಸೀರಿಯಲ್ ಸೊಸೆ
"ಸೀನ್ ಪೇಪರ್ ಪಕ್ಕಕ್ಕೆ ಇಡುತ್ತಾರೆ". 🙏 ನೋಡಿದ್ರಾ ಸಾರ್? ಒಳಗಿದ್ದವರೇ ಹೇಳಿದರು.

ಸೈಡ್ ವಿಂಗ್
"ನಾಟಕದಿಂದ ಬಂದ ಹಿರಿಯರು ಬೇರೆ". ನಾನು ಮೊದಲಿನಿಂದ ಹೇಳ್ತಾ ಇರೋದು ಅದನ್ನೇ. "ಹೊಸಬರಿಗೆ ಪ್ರತಿ ಸಾಲು ಬೇಕು" ಅನ್ನೋದನ್ನೂ ಓದಿ.

ಗಾಂಧಿನಗರ ಗಿರಾಕಿ
"ಹಾಸ್ಯ ಪಾತ್ರಕ್ಕೆ ಅತಿ ಕಷ್ಟ". ಬಾಲ್ಕನಿಯವರೇ, ಇದು ನಿಮಗೆ.

ಬಾಲ್ಕನಿ ಟಿಕೆಟ್
ಅವರು ಹೇಳಿದ್ದು ಪ್ರಾಂಪ್ಟಿಂಗ್ ಕಷ್ಟ ಅಂತ. ನಟನೆ ಕಷ್ಟ ಅಂತಲ್ಲ. ಸರಿಯಾಗಿ ಓದಿ.

ಬೂಮ್ ಮೈಕ್
ನಾನು ಎರಡೂ ಅಂದೆ.

ಬಾಲ್ಕನಿ ಟಿಕೆಟ್
ಬರೆದಿರೋದರಲ್ಲಿ ಹಾಗಿಲ್ಲ.

ಹುಬ್ಬಳ್ಳಿ ಹೊನ್ನಪ್ಪ
ಬರೆದವರಿಗೇ ಅವರು ಬರೆದದ್ದು ಏನು ಅಂತ ಪ್ರಾಂಪ್ಟಿಂಗ್ ಕೊಡ್ತಾ ಇದ್ದಾರಲ್ರೀ ಇವರು!